ತೆರವಿನ ವಿವಾದದ ಬಗ್ಗೆ ಮಾನವಶಾಸ್ತ್ರದ ಸಂಶೋಧಕರು ಪತ್ರಿಕೆಗೆ ಬರೆಯಬಹುದೇ?

ತೆರವಿನ ಭೀತಿಯಲ್ಲಿರುವ ವಸತಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿರುವ ನೀವು, ಆತಂಕಗೊಂಡಿರುವ ನಿಮ್ಮ ಮಾರ್ಗದರ್ಶಕರು ಹೇಳುವಂತೆ ಪಿಎಚ್.ಡಿ. ಮುಗಿಯುವವರೆಗೆ ತಟಸ್ಥರಾಗಿರಬೇಕೇ ಅಥವಾ ಸಿದ್ಧವಾಗಿರುವ ಲೇಖನವನ್ನು ಈಗಲೇ ಪತ್ರಿಕೆಗೆ ಕಳುಹಿಸಬೇಕೇ ಎಂದು ಕೇಳಿದ್ದೀರಿ. ಇದೇ ಇಕ್ಕಟ್ಟಿನಲ್ಲಿ ನಾನೂ ಇದ್ದೆ, ಮತ್ತು ಕಳುಹಿಸಿದೆ.

ಯೋಜನೆಯೊಂದಕ್ಕಾಗಿ ಒಕ್ಕಲೆಬ್ಬಿಸಿದವರ ಪುನರ್ವಸತಿ ಬಡಾವಣೆಯಲ್ಲಿ ನಾನು ಅಧ್ಯಯನ ನಡೆಸುತ್ತಿದ್ದೆ. ಪರಿಹಾರವನ್ನು ಕುಟುಂಬಕ್ಕೆ ಇಷ್ಟೆಂದು ನಿಗದಿಪಡಿಸಲಾಗಿತ್ತು. ಆದರೆ ದಾಖಲೆಯಲ್ಲಿದ್ದ ಕುಟುಂಬಕ್ಕೂ ಜನ ಬಾಳುತ್ತಿದ್ದ ಕುಟುಂಬಕ್ಕೂ ತಾಳೆಯಾಗುತ್ತಿರಲಿಲ್ಲ. ಹಿಂದೆ ಬೇರೆ ಬೇರೆ ಸಂಸಾರ ಹೂಡಿದ್ದ ಅಣ್ಣತಮ್ಮಂದಿರು ನೆಲ ಕಳೆದುಕೊಂಡ ಮೇಲೆ ಪ್ರತ್ಯೇಕವಾಗಿ ಬದುಕುವ ಶಕ್ತಿಯಿಲ್ಲದೆ ಮತ್ತೆ ಒಂದೇ ಒಲೆಗೆ ಮರಳಿದ್ದರು. ಸಂತ್ರಸ್ತರು ಕುಟುಂಬಗಳ ಸಂಖ್ಯೆಯನ್ನು ಹಿಗ್ಗಿಸಿ ಹಣ ಪಡೆದಿದ್ದಾರೆಂಬ ಆರೋಪ ಪತ್ರಿಕೆಗಳಲ್ಲಿ ಕೇಳಿಬಂದಾಗ, ಒಕ್ಕಲೆಬ್ಬಿಸುವಿಕೆ ಅವರನ್ನು ಎಷ್ಟು ಬಡವರನ್ನಾಗಿಸಿದೆ ಎಂದು ತೋರಿಸಲು ನಾನು ಈ ಒಂದೇ ಒಲೆಯ ಸಂಗತಿಯನ್ನು ಬರೆದೆ. ಲೇಖನ ಹೊರಬಿದ್ದ ಕೆಲವೇ ದಿನಗಳಲ್ಲಿ ಆರೋಪ ಮಾಡಿದವರು ಅದನ್ನೇ ವಂಚನೆಗೆ ಪುರಾವೆಯೆಂದು ಎತ್ತಿ ಹಿಡಿದರು. ಮರುಪರಿಶೀಲನೆಗೆ ಆದೇಶವಾಯಿತು, ಬಾಕಿ ಕಂತುಗಳು ತಡೆಹಿಡಿಯಲ್ಪಟ್ಟವು. ನನ್ನನ್ನು ಮನೆಯ ಮಗಳಂತೆ ಕಂಡಿದ್ದ ಹಿರಿಯರೊಬ್ಬರು, ಇನ್ನು ಬರುವುದು ಬೇಡವೆಂದು ಹೇಳಿ ಕಳುಹಿಸಿದರು. ನನ್ನ ಪ್ರಬಂಧದ ವಿಷಯವನ್ನೇ ಬದಲಿಸಬೇಕಾಯಿತು. ಅವರ ನಷ್ಟದ ಮುಂದೆ ಅದು ಚಿಕ್ಕದು.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬರೆದದ್ದೇ ತಪ್ಪೆಂದು ನನ್ನ ವಿಭಾಗದಲ್ಲಿ ಹಲವರು ಭಾವಿಸಿದರು. ನಾನು ವ್ಯಕ್ತಿಗಳ ಹೆಸರು ಬದಲಿಸಿದ್ದೆ, ಬಡಾವಣೆಯ ಹೆಸರನ್ನು ಕೈಬಿಟ್ಟಿದ್ದೆ, ಅಷ್ಟರಿಂದ ಗೋಪ್ಯತೆ ಕಾಪಾಡಿದಂತಾಯಿತೆಂದು ನಂಬಿದ್ದೆ. ಆದರೆ ಅವರಿಗೆ ಅಪಾಯವಿದ್ದದ್ದು ಗುರುತಿನಿಂದಲ್ಲ, ಅವರ ಜೀವನಕ್ರಮದ ಆ ಒಂದು ವಿವರದಿಂದ. ಆ ವಿವರ ಅಧಿಕಾರಿಗಳ ಕೈಗೆ ಸಿಕ್ಕರೆ ಏನಾಗುತ್ತದೆಂದು ಬಡಾವಣೆಯ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಸಂಶೋಧನೆಗೆಂದು ಅವರು ಕೊಟ್ಟ ಒಪ್ಪಿಗೆಯನ್ನು ಪತ್ರಿಕೆಗೂ ಕೊಟ್ಟ ಒಪ್ಪಿಗೆಯೆಂದು ಎಣಿಸಿದೆ. ಪ್ರಬಂಧದಲ್ಲಾದರೆ ಆ ಸಂಗತಿಯ ಹಿಂದೆಮುಂದೆ ಒಂದು ಅಧ್ಯಾಯದಷ್ಟು ವಿವರಣೆ ಇರುತ್ತಿತ್ತು. ಪತ್ರಿಕೆಯಲ್ಲಿ ಅದು ಒಂಟಿ ವಾಕ್ಯವಾಗಿ ನಿಂತಿತು, ಮತ್ತು ಒಂಟಿ ವಾಕ್ಯವನ್ನು ಯಾರು ಬೇಕಾದರೂ ತಮ್ಮ ವಾದಕ್ಕೆ ದುಡಿಸಿಕೊಳ್ಳಬಹುದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನೀವಿಟ್ಟ ರೂಪದಲ್ಲಿ ನಾನು ಒಪ್ಪುವುದಿಲ್ಲ. ಮೌನವಾಗಿದ್ದರೆ ತಟಸ್ಥರಾಗಿರುತ್ತೀರಿ ಎಂಬುದು ಭ್ರಮೆ. ಆ ವಸತಿಯನ್ನು ಕಂಡೇ ಇರದವರು ಅದರ ಬಗ್ಗೆ ಮಾತನಾಡುತ್ತಲೇ ಇರುತ್ತಾರೆ. ಚರ್ಚೆಗೆ ಮಾನವಶಾಸ್ತ್ರಜ್ಞರು ತರಬಹುದಾದ ಬಹುದೊಡ್ಡ ಕೊಡುಗೆಯೆಂದರೆ, ಎಲ್ಲರೂ ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲವೆಂದು ತೋರಿಸುವುದು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ, ಶವವನ್ನು ಮುಟ್ಟಿ ತೊಳೆಯುವ ಸಂಸ್ಕಾರದಿಂದ ಸೋಂಕು ಹಬ್ಬುತ್ತಿತ್ತು. ಜನರ ಅಜ್ಞಾನವನ್ನು ಹೋಗಲಾಡಿಸುವುದು ಹೇಗೆ ಎಂಬುದೇ ಆಗ ಹೊರಗಿನವರ ಪ್ರಶ್ನೆಯಾಗಿತ್ತು. ಮನೆಯವರನ್ನು ದೂರವಿಟ್ಟು ಶವ ಒಯ್ಯುವ ಕ್ರಮದಿಂದಲೇ ಜನ ಶವಗಳನ್ನು ಬಚ್ಚಿಡುತ್ತಿದ್ದಾರೆ, ಸಂಸ್ಕಾರದಲ್ಲಿ ಮಾರ್ಪಾಡಿಗೆ ಅವರೊಡನೆ ಮಾತನಾಡಲು ಅವಕಾಶವಿದೆ ಎಂದು ಅಲ್ಲಿದ್ದ ಮಾನವಶಾಸ್ತ್ರಜ್ಞರು ತೋರಿಸಿಕೊಟ್ಟರು. ಗಿನಿಯಲ್ಲಿ ಗರ್ಭಿಣಿಯೊಬ್ಬಳು ತೀರಿಕೊಂಡಾಗ, ಭ್ರೂಣವನ್ನು ತೆಗೆಯದೆ ಹೂಳಬಾರದೆಂದು ಬಂಧುಗಳು ಪಟ್ಟುಹಿಡಿದರು. ಹಾಗೆ ತೆಗೆಯುವುದು ವೈದ್ಯರಿಗೆ ಪ್ರಾಣಾಪಾಯ. ಮಾನವಶಾಸ್ತ್ರಜ್ಞೆಯೊಬ್ಬರು ವಿಚಾರಿಸುತ್ತ ಹೋಗಿ, ಇಂಥ ದೋಷಕ್ಕೆ ಪರಿಹಾರದ ಆಚರಣೆಯೂ ಉಂಟೆಂದು ಬಲ್ಲ ಹಿರಿಯರನ್ನು ಕಂಡುಕೊಂಡರು, ಮತ್ತು ಶವವನ್ನು ಇದ್ದ ಹಾಗೆಯೇ ಹೂಳಲು ಸಾಧ್ಯವಾಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಸುರಕ್ಷಿತವೂ ಗೌರವಯುತವೂ ಆದ ಅಂತ್ಯಕ್ರಿಯೆಯಲ್ಲಿ ಕುಟುಂಬಕ್ಕೆ ಸ್ಥಾನ ಕೊಟ್ಟಿತು.

ನಿಮ್ಮ ಮಾರ್ಗದರ್ಶಕರ ಆತಂಕಕ್ಕೆ ಆಧಾರವಿಲ್ಲವೆನ್ನಲಾರೆ. ಸಂಶೋಧನೆಯ ಸೋಗಿನಲ್ಲಿ ಬೇಹುಗಾರಿಕೆ ನಡೆಸಿದ ಸಹೋದ್ಯೋಗಿಗಳನ್ನು ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1919ರಲ್ಲಿ ಹೆಸರೆತ್ತದೆ ಬಹಿರಂಗವಾಗಿ ಖಂಡಿಸಿದಾಗ, ಅಮೆರಿಕದ ಮಾನವಶಾಸ್ತ್ರ ಸಂಘ ಅವರ ವಿರುದ್ಧವೇ ಖಂಡನಾ ನಿರ್ಣಯ ಸ್ವೀಕರಿಸಿತು. ಅದನ್ನು ಹಿಂತೆಗೆದುಕೊಂಡದ್ದು 2005ರಲ್ಲಿ, ಬೋವಾಸ್ ತೀರಿಕೊಂಡು ಆರು ದಶಕಗಳು ಕಳೆದ ಮೇಲೆ. ಮಾತನಾಡಿದವರಿಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ತಿನ್ನಲು ನೀವು ಸಿದ್ಧರಿರಬಹುದು, ಆದರೆ ನಿಮ್ಮ ಪರವಾಗಿ ಆ ವಸತಿಯ ಜನ ತಿನ್ನುವಂತಾಗಬಾರದು.

ಲೇಖನವನ್ನು ಸಂಪಾದಕರಿಗೆ ಕಳುಹಿಸುವ ಮೊದಲು ಅಲ್ಲಿಗೆ ಒಯ್ದು ಪೂರ್ತಿಯಾಗಿ ಓದಿ ಹೇಳಿ; ನಿಮಗೆ ಆಪ್ತರಾದವರಿಗೆ ಮಾತ್ರವಲ್ಲ, ನಿಮ್ಮನ್ನು ಸಂಶಯದಿಂದ ನೋಡುವವರಿಗೂ. ಅವರು ತೆಗೆಯಿರಿ ಎಂದದ್ದನ್ನು, ಅದು ನಿಮ್ಮ ಅತ್ಯಂತ ಒಳ್ಳೆಯ ಪುರಾವೆಯೇ ಆಗಿದ್ದರೂ, ತೆಗೆಯಿರಿ. ತಲೆಬರಹವನ್ನು ನಿಮಗೆ ತೋರಿಸದೆ ಅಚ್ಚು ಹಾಕುವುದಿಲ್ಲವೆಂದು ಸಂಪಾದಕರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ತೆರವಿನ ದಿನಾಂಕ ನಿಗದಿಯಾಗಿದ್ದರೆ ಇದನ್ನೆಲ್ಲ ಈ ವಾರವೇ ಮಾಡಿ, ಪಿಎಚ್.ಡಿ. ಮುಗಿಯಲೆಂದು ಕಾಯಬೇಡಿ.