ಕಾಗದದ ಅರಮನೆಗೆ ದೀಪ ಹಾಕಿದರೂ ಚಪ್ಪಟೆ ಕಾಣುವುದೇಕೆ?

ಪ್ರಶ್ನೆ: ದಸರಾ ಗೊಂಬೆ ಕೂರಿಸುವಾಗ ಇಡೋಣ ಅಂತ ಕಾಗದ ಕತ್ತರಿಸಿ ಅರಮನೆಯ ಲೈಟ್ ಬಾಕ್ಸ್ ಮಾಡಿದ್ದೇನೆ. ಎ4 ಅಳತೆ, ಎಂಟು ಪದರ. ಮುಂದೆ ಅಂಬಾರಿ ಆನೆ, ನಡುವೆ ಅರಮನೆ, ಹಿಂದೆ ಚಾಮುಂಡಿ ಬೆಟ್ಟ. ಪದರಗಳನ್ನು ಡಬಲ್ ಸೈಡ್ ಟೇಪಿನಲ್ಲಿ ಒಂದರ ಮೇಲೊಂದು ಅಂಟಿಸಿ, ಹಿಂದಿನ ರಟ್ಟಿಗೆ ಎಲ್‌ಇಡಿ ಸ್ಟ್ರಿಪ್ ಹಾಕಿದೆ. ಈಗ ಬಲ್ಬಿನ ಚುಕ್ಕೆಗಳೇ ಕಣ್ಣಿಗೆ ಹೊಡೆಯುತ್ತವೆ, ಅರಮನೆ ಮಾತ್ರ ಒಂದೇ ಹಾಳೆಯಲ್ಲಿ ಬರೆದ ಹಾಗಿದೆ. ಇನ್ನೂ ಪದರ ಸೇರಿಸಬೇಕಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೇಡ, ದಯವಿಟ್ಟು ಸೇರಿಸಬೇಡಿ. ಎಂಟರಲ್ಲಿ ಎರಡು ತೆಗೆಯಿರಿ. ನಿಮ್ಮ ಕತ್ತರಿಸುವ ಕೆಲಸದಲ್ಲಿ ತಪ್ಪಿರುವ ಹಾಗೆ ಕಾಣುವುದಿಲ್ಲ, ಪದರಗಳ ನಡುವೆ ಜಾಗವೇ ಇಲ್ಲ, ಅದೇ ತೊಂದರೆ.

ಮಾಗಿ ಚಳಿಯಲ್ಲಿ ಬೆಳಿಗ್ಗೆ ನಾಲೆ ಏರಿ ಮೇಲೆ ನಿಂತು ನೋಡಿ. ಹತ್ತಿರದ ತೆಂಗಿನ ಮರ ಕಪ್ಪಗೆ ಕಾಣುತ್ತದೆ, ಅದರಾಚೆಯದು ಬೂದು ಬಣ್ಣ, ಇನ್ನೂ ಆಚೆಯದು ಹೆಚ್ಚುಕಡಿಮೆ ಬಿಳಿ. ಲೈಟ್ ಬಾಕ್ಸ್‌ನಲ್ಲೂ ಇದೇ ಆಗಬೇಕು. ಹಿಂದಿನ ಹಾಳೆಗೆ ಜಾಸ್ತಿ ಬೆಳಕು, ಮುಂದೆ ಬರುತ್ತಾ ಬರುತ್ತಾ ಕಡಿಮೆ, ಎಲ್ಲಕ್ಕಿಂತ ಮುಂದಿನದು ಪೂರ್ತಿ ಕಪ್ಪು ನೆರಳು. ಹಾಳೆಗಳ ನಡುವೆ ಜಾಗ ಇದ್ದರೆ ಬೆಳಕು ಅಲ್ಲಿ ಹರಡಿ, ಒಂದೊಂದು ಪದರ ದಾಟುವಾಗಲೂ ಅಷ್ಟಷ್ಟು ಮಂಕಾಗುತ್ತದೆ. ಟೇಪಿನ ದಪ್ಪದಷ್ಟೇ ಜಾಗ ಇದ್ದರೆ ಎಂಟು ಹಾಳೆಯೂ ಸೇರಿ ಒಂದು ದಪ್ಪ ಹಾಳೆ ಆಯಿತು ಅಷ್ಟೇ, ಅಲ್ವಾ?

ಹಾಗಾಗಿ 5 ಮಿ.ಮೀ. ದಪ್ಪದ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ತನ್ನಿ. ಒಂದು ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಹಾಳೆಯ ಹಿಂದೆ ನಾಲ್ಕೂ ಅಂಚಿಗೆ ಅಂಟಿಸಿ. ಡಬಲ್ ಸೈಡ್ ಟೇಪೇ ಸಾಕು, ನೀರಿನ ಅಂಶ ಇರುವ ಬಿಳಿ ಗೋಂದು ಹಚ್ಚಿದರೆ ಕಾಗದ ಸುರುಟಿಕೊಳ್ಳುತ್ತದೆ. ಅಂಟಿಸುವ ಮೊದಲು ಎಲ್ಲಾ ಪದರ ಜೋಡಿಸಿ, ಕ್ಲಿಪ್ ಹಾಕಿ, ಕೋಣೆ ಕತ್ತಲೆ ಮಾಡಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಇದನ್ನು ಬಿಡಲೇಬೇಡಿ, ಯಾವ ಹಾಳೆ ಬೇಡ ಅನ್ನುವುದು ಆಗಲೇ ಗೊತ್ತಾಗುವುದು.

ಇನ್ನು ಚುಕ್ಕೆಗಳು. ಸ್ಟ್ರಿಪ್ಪನ್ನು ಹಿಂದಿನ ರಟ್ಟಿನಿಂದ ಕಿತ್ತು, ಪೆಟ್ಟಿಗೆಯ ಒಳಗೋಡೆಗಳಿಗೆ ಸುತ್ತಲೂ ಅಂಟಿಸಿ, ಬಲ್ಬುಗಳು ಒಳಮುಖವಾಗಿರಲಿ. ಕೊನೆಯ ಪದರದ ಹಿಂದೆ ಇದಕ್ಕೆ ಅಂತಲೇ ಎರಡು, ಎರಡೂವರೆ ಸೆಂ.ಮೀ. ಜಾಗ ಬಿಡಿ. ರಟ್ಟಿಗೆ ಬಿಳಿ ಹಾಳೆ ಅಂಟಿಸಿ, ಕೊನೆಯ ಪದರದ ಬೆನ್ನಿಗೆ ಒಂದು ಟ್ರೇಸಿಂಗ್ ಪೇಪರ್ ಹಾಕಿ. ಬೆಳಕು ಬಿಳಿ ರಟ್ಟಿಗೆ ಬಡಿದು, ಟ್ರೇಸಿಂಗ್ ಪೇಪರಿನಲ್ಲಿ ಹರಡಿ ಮುಂದೆ ಬರುತ್ತದೆ, ಚುಕ್ಕೆ ಕಾಣುವುದಿಲ್ಲ. ಸ್ಟ್ರಿಪ್ ವಾರ್ಮ್ ವೈಟ್ ಇರಲಿ, ಅರಮನೆಗೆ ಆ ಹಳದಿಯೇ ಚೆಂದ. 5 ವೋಲ್ಟಿನ ಯುಎಸ್‌ಬಿ ಸ್ಟ್ರಿಪ್ ಆದರೆ ಮನೆಯ ಮೊಬೈಲ್ ಚಾರ್ಜರ್ ನಡೆಯುತ್ತದೆ. ಉದ್ದ ಕಡಿಮೆ ಮಾಡಬೇಕಾದರೆ ಅದರ ಮೇಲೆ ಗುರುತು ಇರುವ ಕಡೆ ಮಾತ್ರ ಕತ್ತರಿಸಿ.

ಯಾವ ಎರಡು ಪದರ ತೆಗೆಯುವುದು? ಮೊದಲು ಬೆಟ್ಟ ತೆಗೆಯಿರಿ. ಅರಮನೆಯ ಮುಖ ಪೂರ್ವಕ್ಕೆ, ಎದುರು ನಿಂತು ನೋಡುವವರಿಗೆ ಚಾಮುಂಡಿ ಬೆಟ್ಟ ಅರಮನೆಯ ಹಿಂದೆ ಕಾಣುವುದೇ ಇಲ್ಲ, ಮೈಸೂರಿನವರು ಇದನ್ನು ತಕ್ಷಣ ಹಿಡಿಯುತ್ತಾರೆ. ಅಲ್ಲಿ ಬರೀ ಆಕಾಶ ಬಿಟ್ಟರೆ ಗೋಪುರ ಎದ್ದು ಕಾಣುತ್ತದೆ. ಇನ್ನೊಂದು ಯಾವುದು ಅಂತ ಟಾರ್ಚ್ ಬಿಟ್ಟಾಗ ನೀವೇ ನೋಡಿ.

ನನಗೆ ತುಂಬಾ ಇಷ್ಟದ ಭಾಗ ಬಲ್ಬುಗಳು. ಅರಮನೆಯ ದೀಪಾಲಂಕಾರ ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು, ಕಮಾನು, ಗುಮ್ಮಟ, ಗೋಪುರ ಎಲ್ಲದರ ಅಂಚಿಗೂ ಸಾಲುಸಾಲು. ಇದನ್ನು ಬ್ಲೇಡಿನಲ್ಲಿ ಮಾಡಲು ಹೋಗಬೇಡಿ, ಸೂಜಿಯಲ್ಲಿ ಚುಚ್ಚಿ. ಅರಮನೆಯ ಪದರಕ್ಕೆ ಮಾತ್ರ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇರುವ ಐವರಿ ಶೀಟ್, ಅಂದರೆ ನಯವಾದ ದಪ್ಪ ಹಾಳೆ ತೆಗೆದುಕೊಳ್ಳಿ, ತೆಳು ಹಾಳೆಯಾದರೆ ಗೋಡೆಯೇ ಹೊಳೆದು ತೂತುಗಳು ಕಾಣದಂತಾಗುತ್ತವೆ. ಹಳೇ ಹವಾಯಿ ಚಪ್ಪಲಿ ತೊಳೆದು ಒರೆಸಿ ಕೆಳಗಿಟ್ಟುಕೊಂಡು, ಪೆನ್ಸಿಲ್ ಗೆರೆಯ ಮೇಲೆ ಎರಡೆರಡು ಮಿ.ಮೀ. ಬಿಟ್ಟು ಮುಂದಿನಿಂದ ಹಿಂದಕ್ಕೆ ಚುಚ್ಚುತ್ತಾ ಹೋಗಿ. ಗುಮ್ಮಟಕ್ಕೆ ಸಣ್ಣ ಸೂಜಿ, ಕಮಾನಿಗೆ ದಬ್ಬಳ. ಸಾಲು ಸ್ವಲ್ಪ ಅಂಕುಡೊಂಕಾದರೂ ಪರವಾಗಿಲ್ಲ, ತೂತು ತೀರಾ ಹತ್ತಿರ ಬಂದರೆ ಮಾತ್ರ ಕಾಗದ ಹರಿಯುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗಳೂ ನನ್ನ ಜೊತೆ ಕೂತು ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕಟ್ಟರ್ ಕೊಡಬಹುದಾ? ಅಂಬಾರಿ, ಬಾವುಟ ಎಲ್ಲಾ ಕತ್ತರಿಸಿದ ತಕ್ಷಣ ಬಿದ್ದುಹೋಗುತ್ತವೆ, ಏನು ಮಾಡಲಿ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಚೂಪು ಬ್ಲೇಡ್ ನಿಮ್ಮ ಕೈಯಲ್ಲೇ ಇರಲಿ. ಮೇಲೆ ಹೇಳಿದ ಸೂಜಿ ಕೆಲಸ ಮಗಳಿಗೆ ಕೊಡಿ, ನೀವು ಪಕ್ಕದಲ್ಲಿರಿ. ಬೇಕಾದರೆ ಮೊದಲು ಒಂದು ರಂಗೋಲಿ ಎಳೆ ಚುಚ್ಚಿಸಿ ಕೈ ಪಳಗಿಸಿ.

ಬೀಳುವುದಕ್ಕೆ ಕಾರಣ, ಆ ಭಾಗ ಎಲ್ಲೂ ಅಂಚಿಗೆ ಕೂಡಿಕೊಂಡಿಲ್ಲ. ಪ್ರತಿ ಹಾಳೆಯಲ್ಲೂ ಪ್ರತಿ ಆಕಾರ ಒಂದು ಕಡೆಯಾದರೂ ಚೌಕಟ್ಟಿಗೆ ಸೇರಿರಬೇಕು. ಅಂಬಾರಿ ಆನೆಗೆ ಅಂಟಿರಲಿ, ಆನೆಯ ಕಾಲು ನೆಲದ ಪಟ್ಟಿಗೆ, ಬಾವುಟ ಗೋಪುರಕ್ಕೆ. ಕತ್ತರಿಸುವ ಮೊದಲು ಉಳಿಯುವ ಭಾಗಕ್ಕೆಲ್ಲಾ ಮಗಳ ಕೈಯಲ್ಲಿ ಪೆನ್ಸಿಲಿನಿಂದ ಬಣ್ಣ ತುಂಬಿಸಿ, ಒಂಟಿಯಾಗಿ ಉಳಿದದ್ದು ಆಗಲೇ ಕಾಣುತ್ತದೆ. ಆಮೇಲೆ ಸಣ್ಣ ಕಿಟಕಿಗಳಿಂದ ಶುರು ಮಾಡಿ, ದೊಡ್ಡ ಭಾಗ ಕೊನೆಗೆ. ದೊಡ್ಡದನ್ನು ಮೊದಲು ತೆಗೆದರೆ ಹಾಳೆ ಅಲ್ಲಾಡಿ ಸಣ್ಣದು ಹರಿದುಹೋಗುತ್ತದೆ. ತಿರುವು ಬಂದಾಗ ಬ್ಲೇಡ್ ತಿರುಗಿಸದೆ ಹಾಳೆ ತಿರುಗಿಸಿ. ಬ್ಲೇಡಿನ ತುದಿ ಕಾಗದವನ್ನು ಎಳೆಯುತ್ತಿದೆ ಅನ್ನಿಸಿದ ತಕ್ಷಣ ಹೊಸದು ಹಾಕಿ, ಮೊಂಡು ಬ್ಲೇಡಿಗೆ ಜಾಸ್ತಿ ಒತ್ತಡ ಹಾಕಿದಾಗಲೇ ಜಾರಿ ಬೆರಳು ಕೊಯ್ಯುವುದು.

ಗೊಂಬೆಗಳ ಮುಂದೆ ಎಣ್ಣೆ ದೀಪ ಹಚ್ಚುತ್ತೀರಲ್ಲ, ಈ ಪೆಟ್ಟಿಗೆಯನ್ನು ಅದರಿಂದ ದೂರ, ಮೇಲಿನ ಮೆಟ್ಟಿಲಲ್ಲಿ ಒಂದು ಪಕ್ಕಕ್ಕೆ ಇಡಿ.