ಬಿಎ ಆದಮೇಲೆ ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ. ಕಾಲೇಜು ಲೈಬ್ರರಿಯಲ್ಲಿ ಯಾವ ಪುಸ್ತಕ ಓದಲಿ?

ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಎರಡನೇ ವರ್ಷ. ಲೈಬ್ರರಿಗೆ ಹೋದರೆ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಗೈಡುಗಳು ಬಿಟ್ಟು ಬೇರೇನೂ ಕಣ್ಣಿಗೆ ಬೀಳಲ್ಲ ಅಂದಿದ್ದೀರಿ. ನನ್ನದೂ ಇದೇ ಕಾಂಬಿನೇಷನ್ ಆಗಿತ್ತು. ಈಗ ಲೈಬ್ರರಿ ಕೌಂಟರಿನ ಒಳಗೆ ಕೂತು ಇದೇ ಪ್ರಶ್ನೆಯನ್ನು ಪ್ರತಿ ವರ್ಷ ಕೇಳಿಸಿಕೊಳ್ಳುತ್ತೇನೆ.

'ಯಾವ ಪುಸ್ತಕ' ಅನ್ನೋದನ್ನೇ ಮೊದಲು ಬಿಡಿ. ಡ್ಯೂಯಿ ಕ್ರಮದಲ್ಲಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು, ಜೋಡಿಸಿದ ಲೈಬ್ರರಿಯಾದರೆ ವೃತ್ತಿ ಆಯ್ಕೆಯ ಪುಸ್ತಕಗಳು 331.702ರಲ್ಲೋ 371.425ರಲ್ಲೋ ಇರುತ್ತವೆ. ಒಮ್ಮೆ ತಿರುವಿ ಹಾಕಿ, ಸಾಕು. ಇಡೀ ಲೈಬ್ರರಿಯಲ್ಲಿ ಎಲ್ಲಕ್ಕಿಂತ ಬೇಗ ಹಳಸುವ ಸರಕು ಅದು. ಮುದ್ರಣದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಅದರಲ್ಲಿರುವ ಶುಲ್ಕ, ಅರ್ಹತೆ, ಕೋರ್ಸಿನ ಅವಧಿ ಯಾವುದನ್ನೂ ನಂಬಬೇಡಿ. ಗೈಡುಗಳ ಕಪಾಟು ಇನ್ನೂ ಕಷ್ಟದ್ದು. ಅದು ಪರೀಕ್ಷೆಯನ್ನು ತೋರಿಸುತ್ತದೆ. ಪಾಸಾದವರು ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಏನು ಮಾಡುತ್ತಾರೆ ಅನ್ನೋದು ಅದರಲ್ಲಿ ಎಲ್ಲೂ ಇಲ್ಲ.

ನಿಮ್ಮ ವಿಷಯಗಳಿಗೆ ನಾನು ತೋರಿಸುವ ಕಪಾಟುಗಳೇ ಬೇರೆ. 069 ವಸ್ತುಸಂಗ್ರಹಾಲಯ, 070 ಪತ್ರಿಕೋದ್ಯಮ ಮತ್ತು ಪ್ರಕಾಶನ, 091 ಹಸ್ತಪ್ರತಿ, 418.02 ಅನುವಾದ, 930.1 ಪುರಾತತ್ವ, 954.87 ಕರ್ನಾಟಕದ ಇತಿಹಾಸ. ಇವನ್ನು ಪೂರ್ತಿ ಓದಬೇಕಿಲ್ಲ. ಮುನ್ನುಡಿ, ಕೃತಜ್ಞತೆ, ಅಡಿಟಿಪ್ಪಣಿ ನೋಡಿ. ಶಾಸನ ಓದಿಕೊಟ್ಟವರು ಯಾರು, ಯಾವ ಸಂಸ್ಥೆಯವರು, ಅವರ ಹುದ್ದೆಯ ಹೆಸರೇನು ಎಂಬುದು ಅಲ್ಲೇ ಅಚ್ಚಾಗಿರುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ, 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರಿನಲ್ಲಿದೆ, 1969ರ ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. ಇತಿಹಾಸ-ಕನ್ನಡ ಓದಿದವರಿಗೆ ಮೇಷ್ಟ್ರ ಕೆಲಸ ಬಿಟ್ಟರೆ ಗತಿಯಿಲ್ಲ ಅನ್ನುವವರಿಗೆ ಈ ಮೂರು ಹೆಸರು ಹೇಳಿ ನೋಡಿ. ಹುದ್ದೆಗಳು ಕಡಿಮೆ, ನಿಜ. ಆದರೆ ಇಂಥದ್ದೊಂದು ಇದೆ ಅಂತ ತಿಳಿದು ಬಿಡುವುದು ಬೇರೆ, ತಿಳಿಯದೇ ಬಿಡುವುದು ಬೇರೆ.

ಓಪ್ಯಾಕ್‌ನಲ್ಲಿ, ಅಂದರೆ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗಿನಲ್ಲಿ, ಹುಡುಕುವಾಗ ಒಂದು ಎಚ್ಚರ. ಎಷ್ಟೋ ಕಾಲೇಜುಗಳಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಮೂದಿಸಿರುತ್ತಾರೆ. ಕನ್ನಡದಲ್ಲಿ 'ಶಾಸನ' ಅಂತ ಟೈಪಿಸಿದರೆ ಸೊನ್ನೆ ಬರುತ್ತದೆ, ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಎಸ್ ಒಂದೇ ಹಾಕಿ, ಆಮೇಲೆ ಎಸ್‌ಎಚ್ ಹಾಕಿ, ದೀರ್ಘಕ್ಕೆ ಎರಡು ಎ ಹಾಕಿ ಹುಡುಕಿ. ಅಥವಾ ಮೇಲಿನ ವರ್ಗಸಂಖ್ಯೆ ಹಿಡಿದು ನೇರ ಕಪಾಟಿಗೆ ಹೋಗಿ, ಅದೇ ವಾಸಿ.

ಇನ್ನು ಬಹಳ ಜನಕ್ಕೆ ಒಂದೆರಡು ವರ್ಷ ನುಂಗುವ ತಪ್ಪಿನ ಬಗ್ಗೆ. ಇದು ಉದ್ದವಾಗುತ್ತದೆ, ಓದಿ. ಹುದ್ದೆಯ ಹೆಸರು ಮತ್ತು ಸಂಬಳ ನೋಡಿ ತಯಾರಿ ಶುರು ಮಾಡುತ್ತಾರೆ, ವಿದ್ಯಾರ್ಹತೆಯ ಕಾಲಂ ಓದುವುದಿಲ್ಲ. ಅದರಲ್ಲಿ ಮೂರು ಕಡೆ ಕಾಲು ಜಾರುತ್ತದೆ. 'ಯಾವುದೇ ಪದವಿ' ಅಂದರೆ ಸರಿ, 'ಸಂಬಂಧಿತ ವಿಷಯದಲ್ಲಿ ಪದವಿ' ಅಂದಿದ್ದರೆ ಆ ವಿಷಯ ನಿಮ್ಮ ಅಂಕಪಟ್ಟಿಯಲ್ಲಿ ಇರಬೇಕು, ಆಮೇಲೆ ಸೇರಿಸಿಕೊಳ್ಳಲು ಆಗಲ್ಲ. ಎರಡನೇ ವರ್ಷದಲ್ಲೇ ನೋಡಿ ಅನ್ನುವುದು ಇದಕ್ಕೆ. 'ಅಗತ್ಯ' ಎಂದು ಬರೆದದ್ದು ಇಲ್ಲದಿದ್ದರೆ ಅರ್ಜಿ ತಿರಸ್ಕೃತ, 'ಅಪೇಕ್ಷಣೀಯ' ಎಂದು ಬರೆದದ್ದು ಇಲ್ಲದಿದ್ದರೂ ಹಾಕಬಹುದು. ಇವೆರಡನ್ನು ಅದಲುಬದಲು ಮಾಡಿಕೊಂಡು ಅರ್ಹರೇ ಹಿಂದೆ ಸರಿಯುವುದುಂಟು. ಮೂರನೆಯದು ದಿನಾಂಕ. ಯುಪಿಎಸ್‌ಸಿ ನಾಗರಿಕ ಸೇವಾ ಪ್ರಿಲಿಮ್ಸ್‌ಗೆ ಕೊನೆಯ ವರ್ಷದವರೂ ಕೂರಬಹುದು. ಆದರೆ ಅರ್ಜಿ ಹಾಕುವ ಕೊನೆಯ ದಿನಕ್ಕೆ ಪದವಿ ಮುಗಿದಿರಬೇಕು ಎಂದು ಕೇಳುವ ಅಧಿಸೂಚನೆಗಳು ಬೇಕಾದಷ್ಟಿವೆ. ಅಂಥ ಕಡೆ ಫಲಿತಾಂಶ ಮರುದಿನ ಬಂದರೂ ಆ ಅರ್ಜಿ ಲೆಕ್ಕಕ್ಕಿಲ್ಲ.

ಇದಕ್ಕೆ ಮದ್ದು ಲೈಬ್ರರಿಯಲ್ಲೇ ಇದೆ: ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆಯ ಹಳೆಯ ಸಂಚಿಕೆಗಳು. ಹೊಸದು ಬೇಡ, ಹಳೆಯದೇ ಬೇಕು, ಅರ್ಜಿ ಹಾಕುವ ಆತುರ ಇರಲ್ಲ. ಒಂದು ವರ್ಷದ ಕಟ್ಟು ತೆಗೆದುಕೊಂಡು ವಿದ್ಯಾರ್ಹತೆ ಮಾತ್ರ ಓದುತ್ತಾ ಹೋಗಿ. ನೋಟ್‌ಬುಕ್ಕಿನಲ್ಲಿ ಹುದ್ದೆ, ಇಲಾಖೆ, ಅಗತ್ಯ ಅರ್ಹತೆ, ನನ್ನಲ್ಲಿ ಇಲ್ಲದ್ದು ಅಂತ ನಾಲ್ಕು ಕಾಲಂ ಹಾಕಿ. ಹತ್ತು ಸಂಚಿಕೆ ಆಗುವಷ್ಟರಲ್ಲಿ ನಾಲ್ಕನೇ ಕಾಲಮ್ಮಿನಲ್ಲಿ ಅವೇ ಕೆಲವು ವಿಷಯ ಮತ್ತೆ ಮತ್ತೆ ಬರತೊಡಗುತ್ತವೆ: ಡಿಪ್ಲೊಮಾ, ಬಿಎಡ್, ಎಂಎ, ಟೈಪಿಂಗ್. ಮೂರನೇ ವರ್ಷದಲ್ಲಿ ಮಾಡಬೇಕಾದ್ದು ಅಲ್ಲೇ ಸಿಗುತ್ತದೆ.

ಎಂಪ್ಲಾಯ್‌ಮೆಂಟ್ ನ್ಯೂಸ್‌ನಲ್ಲಿ ಬರುವುದು ಹೆಚ್ಚು ಕೇಂದ್ರದ ಹುದ್ದೆಗಳು. ರಾಜ್ಯದ್ದಕ್ಕೆ ಅಧಿಸೂಚನೆ ಬರಲಿ ಅಂತ ಕಾಯಬೇಡಿ, ಆಯಾ ಇಲಾಖೆಯ 'ವೃಂದ ಮತ್ತು ನೇಮಕಾತಿ ನಿಯಮಗಳು' ಓದಿ. ರಾಜ್ಯಪತ್ರದಲ್ಲಿ ಪ್ರಕಟವಾಗಿರುತ್ತವೆ, ಇಲಾಖೆಗಳ ವೆಬ್‌ಸೈಟಿನಲ್ಲೂ ಹಾಕಿರುತ್ತಾರೆ. ಹುದ್ದೆ, ನೇಮಕಾತಿ ವಿಧಾನ, ಕನಿಷ್ಠ ಅರ್ಹತೆ ಎಂದು ಪಟ್ಟಿ ಇರುತ್ತದೆ. ವಿಧಾನದ ಕಾಲಮ್ಮಿನಲ್ಲಿ 'ಬಡ್ತಿಯ ಮೂಲಕ' ಅಂತಷ್ಟೇ ಇದ್ದರೆ ಆ ಹುದ್ದೆಗೆ ಹೊರಗಿನಿಂದ ದಾರಿಯಿಲ್ಲ, ಅದರ ಕೆಳಗಿನ ಹುದ್ದೆ ನೋಡಿ. ಇದನ್ನು ಯಾವ ಗೈಡೂ ಹೇಳುವುದಿಲ್ಲ.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ವರ್ಗೀಕರಣ 2015 ಇದೆ, ಪಿಡಿಎಫ್ ಉಚಿತ. ಪ್ರತಿ ವೃತ್ತಿಗೂ ಎಂಟು ಅಂಕಿಯ ಸಂಕೇತ, ಜೊತೆಗೆ ಆ ಕೆಲಸದವರು ಮಾಡುವುದೇನು ಎಂಬ ಒಂದು ಪ್ಯಾರಾ. ಮೊದಲ ನಾಲ್ಕು ಅಂಕಿ ಹಿಡಿದು ಹುಡುಕಿ: 2621 ದಾಖಲೆ ಪಾಲಕರು ಮತ್ತು ಕ್ಯುರೇಟರುಗಳು, 2642 ಪತ್ರಕರ್ತರು, 2643 ಅನುವಾದಕರು. ಗದ್ಯ ಒಣ ಸೌದೆಯಂತಿದೆ, ಆದರೆ ಯಾರೂ ಏನನ್ನೂ ಮಾರಲು ಬರೆದದ್ದಲ್ಲ.

ಎಂಎ, ಪಿಎಚ್‌ಡಿ ಅಂತ ಮನಸ್ಸಿದ್ದರೆ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ನಿಮ್ಮ ವಿಷಯದ ಒಂದೆರಡು ಪ್ರಬಂಧ ತೆರೆಯಿರಿ, ಲಾಗಿನ್ ಬೇಡ. ಮೊದಲ ಅಧ್ಯಾಯ ಮತ್ತು ಆಕರಗಳ ಪಟ್ಟಿ ಓದುವಾಗಲೇ ಆಕಳಿಕೆ ಬಂದರೆ ಉತ್ತರ ಸಿಕ್ಕಂತೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್‌ನ ಐಡಿಯನ್ನು ಲೈಬ್ರರಿಯನ್ ಬಳಿ ಕೇಳಿ ಮಾಡಿಸಿಕೊಳ್ಳಿ, ಮನೆಯಿಂದಲೂ ಇ-ಪುಸ್ತಕ ಓದಬಹುದು. ಕಾಲೇಜಿನವರು ಎನ್-ಲಿಸ್ಟ್‌ಗೆ ವಾರ್ಷಿಕ ಶುಲ್ಕ ಕಟ್ಟಿರದಿದ್ದರೆ ಮಾತ್ರ ಐಡಿ ಇದ್ದೂ ಒಳಗೆ ಬಿಡದು.

ಕೌಂಟರಿನಲ್ಲಿ 'ಸಾರ್, ಕರಿಯರ್ ಬುಕ್ ಇದ್ಯಾ' ಅಂದರೆ ಬೆರಳು ಗೈಡಿನ ಕಪಾಟಿನತ್ತ ಹೋಗುತ್ತದೆ. 'ಹೋದ ವರ್ಷದ ಎಂಪ್ಲಾಯ್‌ಮೆಂಟ್ ನ್ಯೂಸ್ ಕಟ್ಟು ಬೇಕು, ಸೀನಿಯರ್‌ಗಳ ಇಂಟರ್ನ್‌ಶಿಪ್ ವರದಿ ನೋಡಬೇಕು' ಅನ್ನಿ. ಎರಡೂ ಮನೆಗೆ ಕೊಡುವ ವಸ್ತುಗಳಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು. ಕಾಲೇಜಿನಲ್ಲಿ ಇಲ್ಲವೆಂದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ವರ್ಷದ ಕೊನೆಯವರೆಗೆ ಮಾತ್ರ ತಡಮಾಡಬೇಡಿ: ಸ್ಟಾಕ್ ವೆರಿಫಿಕೇಷನ್ ಹೊತ್ತಿಗೆ ಮೊದಲು ರದ್ದಿಗೆ ಹೋಗುವುದು ಹಳೆಯ ಪತ್ರಿಕೆಗಳ ಕಟ್ಟೇ.