ಸಂಪಾದಕರ ಉತ್ತರ: ಮೊದಲು ದುಡ್ಡು, ಆಮೇಲೆ ದೀಪ

ಶಿವಮೊಗ್ಗದ ಓದುಗರೊಬ್ಬರು ಬರೆದ ಪತ್ರದ ಸಾರ: ‘2022ರ ಚಳಿಗಾಲದಲ್ಲಿ ಬ್ರಿಟನ್ ಸರ್ಕಾರ ಪ್ರತಿ ಮನೆಗೂ ವಿದ್ಯುತ್ ಖರ್ಚಿಗೆಂದು 400 ಪೌಂಡ್ ಕೊಟ್ಟಿತೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆಗ ಲೆಸ್ಟರಿನಲ್ಲಿ ಓದುತ್ತಿದ್ದ ನನ್ನ ಮಗಳು ಮೂವರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಕರೆಂಟಿಗೆ ಅಂಗಡಿಗೆ ಹೋಗಿ ದುಡ್ಡು ತುಂಬಿಸಿಕೊಂಡು ಬರುತ್ತಿದ್ದರಂತೆ. ಅವರ ಕೈಗೆ ಒಂದು ಪೌಂಡೂ ಬರಲಿಲ್ಲ. ತಾವು ಬರೆದದ್ದು ತಪ್ಪೋ, ಪರದೇಶದ ವಿದ್ಯಾರ್ಥಿಗಳೆಂದು ಅವರನ್ನು ಕೈಬಿಟ್ಟರೋ?’

ಮಾನ್ಯರೇ,

ನಾವು ಬರೆದದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ತಮ್ಮ ಮಗಳ ಮನೆಯ ಮೀಟರಿನಲ್ಲಿತ್ತು.

ಪರದೇಶದವರೆಂಬ ಕಾರಣವನ್ನು ಮೊದಲೇ ಬದಿಗಿಡೋಣ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಜಾರಿಯಾದ ಆ ಯೋಜನೆಗೆ ಪೌರತ್ವವನ್ನಾಗಲಿ ಆದಾಯವನ್ನಾಗಲಿ ಯಾರೂ ಕೇಳಲಿಲ್ಲ. ಮನೆಬಳಕೆಯ ವಿದ್ಯುತ್ ಸಂಪರ್ಕವಿದ್ದರೆ ಸಾಕಿತ್ತು. ಅಕ್ಟೋಬರ್, ನವೆಂಬರ್ ತಿಂಗಳುಗಳಿಗೆ ತಲಾ 66 ಪೌಂಡ್, ಡಿಸೆಂಬರಿನಿಂದ 2023ರ ಮಾರ್ಚ್‌ವರೆಗೆ ತಿಂಗಳಿಗೆ 67 ಪೌಂಡ್, ಹೀಗೆ ಆರು ಕಂತುಗಳಲ್ಲಿ ಹಣ ಬಂತು. ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ತಾನಾಗಿಯೇ ಬಿಲ್ಲು ಕಟ್ಟಿಹೋಗುವ ಮನೆಯವರು ಇದಕ್ಕಾಗಿ ಕೂತಲ್ಲಿಂದ ಏಳಬೇಕಾಗಿರಲಿಲ್ಲ. ಸ್ಮಾರ್ಟ್ ಪ್ರೀಪೇಯ್ಡ್ ಮೀಟರಿನವರಿಗೂ (ಮುಂಗಡ ದುಡ್ಡು ತುಂಬಿಸಬೇಕಾದ, ಆದರೆ ದೂರದಿಂದಲೇ ಕಂಪನಿಯ ಸಂಪರ್ಕದಲ್ಲಿರುವ ಮೀಟರು) ಹಣ ನೇರವಾಗಿ ಮೀಟರಿಗೇ ಜಮೆಯಾಯಿತು. ತೊಡಕಾದದ್ದು ಹಳೆಯ ಪ್ರೀಪೇಯ್ಡ್ ಮೀಟರಿನವರಿಗೆ. ಇದರಲ್ಲಿ ವಿದ್ಯುತ್ತಿಗೆ ಪ್ಲಾಸ್ಟಿಕ್ಕಿನ ಪುಟ್ಟದೊಂದು ಕೀಲಿ, ಗ್ಯಾಸಿಗೆ ಒಂದು ಕಾರ್ಡು ಇರುತ್ತದೆ. ಅದನ್ನು ಬೀದಿಯ ಅಂಗಡಿಗೆ ಒಯ್ದು (ಲೆಸ್ಟರಿನಲ್ಲಿ ಅಂಥ ಎಷ್ಟೋ ಅಂಗಡಿಗಳು ಗುಜರಾತಿ ಕುಟುಂಬಗಳವು) ಹತ್ತೋ ಇಪ್ಪತ್ತೋ ಪೌಂಡ್ ತುಂಬಿಸಿ ತಂದು ಮೀಟರಿಗೆ ಚುಚ್ಚಿದರೆ ಮಾತ್ರ ದೀಪ.

ಇವರಿಗೆ ಸರ್ಕಾರದ ನೆರವು ಹಣವಾಗಿ ಬರಲಿಲ್ಲ, ವೋಚರಾಗಿ ಬಂತು. ಪ್ರತಿ ತಿಂಗಳೂ ಮೊಬೈಲ್ ಸಂದೇಶ, ಇಮೇಲ್ ಅಥವಾ ಅಂಚೆಯ ಮೂಲಕ ವಿದ್ಯುತ್ ಕಂಪನಿ ಕಳಿಸಿದ ಆ ವೋಚರನ್ನು ಕೀಲಿ ಮತ್ತು ಗುರುತಿನ ಪುರಾವೆಯೊಂದಿಗೆ ಅಂಚೆ ಕಚೇರಿಗೋ ಪೇಪಾಯಿಂಟ್ ಎಂಬ ಹಣ ಪಾವತಿ ಸೌಲಭ್ಯವಿರುವ ಅಂಗಡಿಗೋ ಒಯ್ಯಬೇಕಿತ್ತು. ಅದರ ಆಯಸ್ಸು 90 ದಿನ. ಕಂಪನಿಯ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರ ಹೆಸರಿಗೇ ಅದು ಹೊರಡುತ್ತಿತ್ತು. ವಿದ್ಯಾರ್ಥಿಗಳು ಮನೆ ಹಿಡಿಯುವ ರೀತಿ ತಮಗೂ ಗೊತ್ತು: ಹಿಂದಿನವರು ಬಿಟ್ಟುಹೋದ ಕೀಲಿ ಮೀಟರಿನಲ್ಲೇ ಇರುತ್ತದೆ, ದುಡ್ಡು ತುಂಬಿಸಿದರೆ ದೀಪ ಉರಿಯುತ್ತದೆ, ‘ಈ ಮನೆಗೆ ನಾವು ಬಂದಿದ್ದೇವೆ’ ಎಂದು ಕಂಪನಿಗೆ ತಿಳಿಸಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಹಾಗಾದಾಗ ವೋಚರು ಊರು ಬಿಟ್ಟ ಹಳೆಯ ಬಾಡಿಗೆದಾರನ ಹೆಸರಿಗೆ ಬಂದು, ಬಾಗಿಲ ಹಿಂದಿನ ಟಪಾಲು ರಾಶಿಯಲ್ಲಿ ಬಿದ್ದಿರುತ್ತದೆ. ನಮ್ಮಲ್ಲಿ ಗೃಹಜ್ಯೋತಿಗೆ ಬಾಡಿಗೆದಾರರು ಆರ್‌ಆರ್ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿದ್ದನ್ನು, ಮನೆ ಬದಲಿಸಿದ ಮೇಲೆ ಹಳೆಯ ಜೋಡಣೆ ಬಿಡಿಸಲು ಓಡಾಡಿದ್ದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ತಮ್ಮ ಮಗಳ ವಿಷಯದಲ್ಲೂ ನಡೆದದ್ದು ಇದೇ ಇರಬೇಕೆಂದು ನನ್ನ ಊಹೆ.

ನೆರವಿನ ಮೊತ್ತ ಎಲ್ಲರಿಗೂ ಒಂದೇ ಆಗಿತ್ತು; ಆದರೆ ಅನುಕೂಲವಂತರ ಮನೆಗೆ ಅದು ತಾನಾಗಿ ನಡೆದುಬಂತು, ಕೈಯಲ್ಲಿ ಕಾಸಿಲ್ಲದವರು ಅದನ್ನು ಹುಡುಕಿಕೊಂಡು ಹೋಗಬೇಕಾಯಿತು. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಕಳೆದ ಸಂಚಿಕೆಯಲ್ಲಿ ಇದನ್ನು ಬರೆಯದೆ ಬಿಟ್ಟದ್ದು ನಮ್ಮ ಲೋಪ.

ಪ್ರೀಪೇಯ್ಡ್ ಮೀಟರಿನವರ ಕಷ್ಟ ವೋಚರಿನಿಂದ ಶುರುವಾದದ್ದೂ ಅಲ್ಲ. ಹಣ ಮುಗಿದಾಗ ಮೀಟರು ತುರ್ತು ಸಾಲವೆಂದು ಸ್ವಲ್ಪ ಹಣ ಕೊಡುತ್ತದೆ. ಐದು ಪೌಂಡ್ ಹಾಗೆ ಬಳಸಿದವರು ಮರುದಿನ ಹತ್ತು ಪೌಂಡ್ ತುಂಬಿಸಿದರೆ ಮೊದಲು ಆ ಐದು ಹೋಗುತ್ತದೆ, ಬಳಿಕ ಕಟ್ಟದೆ ಉಳಿದ ದಿನಗಳ ನಿಗದಿತ ಶುಲ್ಕ, ಹಳೆಯ ಬಾಕಿಯಿದ್ದರೆ ಅದರ ವಾರದ ಕಂತು. ಒಲೆ ಹಚ್ಚಲು ಉಳಿಯುವುದು ಚಿಲ್ಲರೆ. ಬೇಸಿಗೆಯಿಡೀ ಹೀಟರ್ ಮುಟ್ಟದಿದ್ದರೂ ಗ್ಯಾಸ್ ಮೀಟರಿನಲ್ಲಿ ದಿನದ ಶುಲ್ಕ ಏರುತ್ತಲೇ ಇರುತ್ತದೆಯಾದ್ದರಿಂದ ಚಳಿಯ ಮೊದಲ ರೀಚಾರ್ಜನ್ನು ಅದೇ ನುಂಗಿಬಿಡುವುದುಂಟು. 2022ರಲ್ಲಿ ದುಡ್ಡು ಹೊಂದಿಸಲಾಗದೆ 32 ಲಕ್ಷ ಜನರ ಮೀಟರು ಒಮ್ಮೆಯಾದರೂ ಬರಿದಾಗಿತ್ತೆಂದು ಜನರಿಗೆ ಉಚಿತ ಸಲಹೆ ನೀಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಅಂದಾಜಿಸಿತ್ತು. ಬಿಲ್ಲು ಕಟ್ಟದವರ ಸಂಪರ್ಕ ಕಡಿದರೆ ಅದು ಕಡತದಲ್ಲಿ ದಾಖಲಾಗುತ್ತದೆ. ಮೀಟರು ಬರಿದಾಗಿ ಕತ್ತಲಲ್ಲಿ ಕೂತವರನ್ನು ಸಂಪರ್ಕ ಕಡಿತದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಮೇಲೆ, ಮುಂಗಡ ಕೊಡುವವರಿಗೇ ದರ ಹೆಚ್ಚಿತ್ತು. ಕಂಪನಿಗಳು ಇದಕ್ಕೆ ನಿರ್ವಹಣೆಯ ಖರ್ಚಿನ ಕಾರಣ ಕೊಡುತ್ತಿದ್ದವು. 2023ರ ಮಾರ್ಚ್ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜೆರೆಮಿ ಹಂಟ್ ಈ ವ್ಯತ್ಯಾಸ ತೆಗೆಯುವುದಾಗಿ ಹೇಳಿ, ಜುಲೈ 1ರಿಂದ ಅದು ಜಾರಿಯಾಗಿ, 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವರ್ಷಕ್ಕೆ ಸುಮಾರು 45 ಪೌಂಡ್ ಉಳಿಯುತ್ತದೆಂದು ಸರ್ಕಾರ ಲೆಕ್ಕ ಕೊಟ್ಟಿತು. ಬಾಕಿದಾರರ ಮನೆಗೆ ನ್ಯಾಯಾಲಯದ ವಾರಂಟ್ ಹಿಡಿದು ನುಗ್ಗಿ ಇಂಥ ಮೀಟರ್ ಕೂರಿಸುತ್ತಿದ್ದ ಸಂಗತಿ ಅದೇ ವರ್ಷ ಫೆಬ್ರುವರಿಯಲ್ಲಿ ಪತ್ರಿಕಾ ತನಿಖೆಯಿಂದ ಬಯಲಾಗಿ, ಅಲ್ಲಿನ ವಿದ್ಯುತ್-ಗ್ಯಾಸ್ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಲು ಹೇಳಬೇಕಾಯಿತು. ನವೆಂಬರಿನಲ್ಲಿ ಕಡ್ಡಾಯವಾದ ಹೊಸ ನಿಯಮಗಳ ಪ್ರಕಾರ 75 ದಾಟಿದ, ಮನೆಯಲ್ಲಿ ಬೇರೆ ಆಸರೆಯಿಲ್ಲದವರಿಗೂ, ಎರಡು ವರ್ಷದೊಳಗಿನ ಮಗುವಿರುವ ಮನೆಗೂ ಬಲವಂತದ ಮೀಟರ್ ಹಾಕುವಂತಿಲ್ಲ. ಸ್ಮಾರ್ಟ್ ಮೀಟರಾದರೆ ಮನೆಗೆ ನುಗ್ಗಬೇಕೆಂದೂ ಇಲ್ಲ. ಕಚೇರಿಯಲ್ಲಿ ಕೂತೇ ಅದನ್ನು ಪ್ರೀಪೇಯ್ಡ್ ಮಾಡಬಹುದು. ನಮ್ಮ ಕೇಂದ್ರ ಸರ್ಕಾರ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳನ್ನು ದೇಶದ ತುಂಬ ಹಾಕಿಸಲು ಹೊರಟಿರುವಾಗ ಈ ಒಂದು ಅಂಶವನ್ನು ನಾವೂ ಗಮನಿಸುವುದು ಒಳ್ಳೆಯದು.

ಇನ್ನು ತಮ್ಮ ಮಗಳ ಹಣದ ಮಾತು. ವೋಚರು ಬಳಸಿಕೊಳ್ಳಲು ಕೊನೆಯ ದಿನ 2023ರ ಜೂನ್ 30 ಆಗಿತ್ತು. ಅದು ದಾಟಿದ ಮೇಲೆ ಕಂಪನಿಯನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಮೀಟರಿನ ಖಾತೆ ಮನೆ ಮಾಲೀಕರ ಹೆಸರಿನಲ್ಲೇ ಇದ್ದು, ವೋಚರಿನ ಲಾಭ ಅವರೇ ಪಡೆದಿದ್ದರೆ ಸಂಗತಿ ಬೇರೆ: ವಿದ್ಯುತ್ತಿನ ಖರ್ಚು ಬಾಡಿಗೆದಾರರು ಹೊತ್ತಿದ್ದಲ್ಲಿ ನೆರವನ್ನು ನ್ಯಾಯವಾಗಿ ಅವರಿಗೆ ದಾಟಿಸಬೇಕೆಂದು 2022ರ ಕಾನೂನು ಮಾಲೀಕರಿಗೆ ವಿಧಿಸಿತ್ತು, ಕೊಡದಿದ್ದರೆ ಅದನ್ನು ಸಾಲವೆಂದು ಸಿವಿಲ್ ನ್ಯಾಯಾಲಯದಲ್ಲಿ ಕೇಳಲು ಅವಕಾಶವಿತ್ತು. ಆ ಮನೆಯ ಖಾತೆ ಯಾರ ಹೆಸರಿನಲ್ಲಿತ್ತೆಂದು ಮಗಳನ್ನು ಒಮ್ಮೆ ವಿಚಾರಿಸಿ, ಬಾಡಿಗೆ ಕರಾರು ಪತ್ರವನ್ನೂ ಹುಡುಕಿಡಲು ಹೇಳಿ.

– ಸಂಪಾದಕ